ಹೆಂಡತಿಯ ಹತ್ತನೇ ತರಗತಿ

ಒಂದೇ ವಿಷಯ ಕಲಿಸುವ ಇಬ್ಬರು ಒಂದೇ ಮನೆಯಲ್ಲಿ ಸಂಸಾರ ಹೂಡಿದರೆ ಸಣ್ಣಪುಟ್ಟ ಪೈಪೋಟಿಗಳು ನಡೆಯುತ್ತಲೇ ಇರುತ್ತವೆ. ಒಬ್ಬರು ತೀರಿಕೊಂಡ ಮೇಲೂ ನಡೆಯುತ್ತವೆ ಎಂಬುದು ಮಾತ್ರ ನನಗೆ ಈ ವರ್ಷ ತಿಳಿಯಿತು.

ನಾನು ಖಾನಾಪುರದ ಒಂದು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ. ಮನೆಯಿಂದ ನಡೆದು ಹೋಗುವಷ್ಟು ದೂರದ ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನ ಹೆಂಡತಿ ಅದೇ ಜೀವಶಾಸ್ತ್ರ ಕಲಿಸುತ್ತಿದ್ದಳು. ಡಿಸೆಂಬರಿನಲ್ಲಿ ನೆಹರು ನಗರದ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದು ತೀರಿಕೊಂಡಳು. ಹತ್ತನೇ ತರಗತಿಯ ಪಾಠಗಳನ್ನೆಲ್ಲ ಅವಳು ನವೆಂಬರಿನಲ್ಲೇ ಮುಗಿಸಿದ್ದಳು. ನನ್ನ ಶಾಲೆಯಲ್ಲಿ ಆಗ ಇನ್ನೂ ಎರಡು ಪಾಠ ಬಾಕಿ ಇದ್ದವು. ಅದರಲ್ಲೂ ಅವಳೇ ಮುಂದೆ.

ಜನವರಿಯಲ್ಲಿ ಅವಳ ಶಾಲೆಯ ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿದರು. "ಸರ್, ಶನಿವಾರ ಮಧ್ಯಾಹ್ನ, ರವಿವಾರ ಮುಂಜಾನೆ ಬಂದು ನಮ್ಮ ಹುಡುಗ್ಯಾರಿಗೆ ರಿವಿಜನ್ ಅಷ್ಟ ಮಾಡಿಸಿಕೊಡ್ರಿ. ಬ್ಯಾರೆ ಯಾರರೆ ಬಂದ್ರ ಅವರು ಒಪ್ಪೂದಿಲ್ಲ."

"ನನ್ನನ್ನ ಒಪ್ಪತಾರೇನ್ರಿ?"

"ನಿಮ್ಮನ್ನೂ ಒಪ್ಪೂದಿಲ್ಲ. ಆದ್ರ ಎದುರು ಮಾತಾಡೂದಿಲ್ಲ."

ನಾನು ಒಪ್ಪಿಕೊಂಡೆ. ನಲವತ್ತು ಹುಡುಗಿಯರೂ ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯಬೇಕು ಎಂಬುದು ಹೊರಗೆ ಹೇಳಿಕೊಳ್ಳುವ ಉದ್ದೇಶ. ಒಳಗೆ ಇನ್ನೊಂದು ಇತ್ತು. ಪರೀಕ್ಷೆ ಬರುವಷ್ಟರಲ್ಲಿ ಒಂದಾದರೂ ವಿಷಯವನ್ನು ಅವರು ‘ಟೀಚರ್ ಹೇಳಿದ್ದು’ ಎನ್ನದೆ ‘ಸರ್ ಹೇಳಿದ್ದು’ ಎಂದು ನೆನಪಿಡಬೇಕು. ತೀರಿಕೊಂಡ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ಸಭ್ಯತೆಯಲ್ಲ ಎಂದು ನನಗೆ ಗೊತ್ತು. ಆದರೆ ಪಟ್ಟೆ.

೧. ಅತ್ತೆ-ಸೊಸೆ

ಮೊದಲ ದಿನ ದ್ಯುತಿಸಂಶ್ಲೇಷಣೆ. ಕಪ್ಪುಹಲಗೆಯ ಮೇಲೆ ಎಲೆಯ ಅಡ್ಡಸೀಳಿಕೆಯ ಚಿತ್ರ ಬರೆದೆ. ಮೂವತ್ತು ವರ್ಷದಿಂದ ಬರೆಯುತ್ತಿರುವ ಚಿತ್ರ, ಒಂದು ಗೆರೆಯೂ ಹೆಚ್ಚುಕಡಿಮೆ ಆಗುವುದಿಲ್ಲ. ತಿರುಗಿ ನೋಡಿದರೆ ಮುಂದಿನ ಬೆಂಚಿನ ಹುಡುಗಿಯ ಮುಖದಲ್ಲಿ ಕನಿಕರ.

"ಸರ್, ಟೀಚರ್ ಹಿಂಗ ಹೇಳಿರ್ಲಿಲ್ರಿ."

"ಮತ್ತ ಹೆಂಗ ಹೇಳಿದ್ರು?"

"ಎಲಿ ಅಂದ್ರ ಅಡಗಿಮನಿ ಅಂದ್ರು. ಪತ್ರಹರಿತ್ತು ಅಡಗಿ ಮಾಡಾಕಿ. ಬಿಸಲ ಅಂದ್ರ ಗ್ಯಾಸು. ನೀರು ಬೇರಿನಿಂದ ನಳದಾಗ ಬರ್ತದ. ಇಂಗಾಲದ ಡೈಆಕ್ಸೈಡು ಕಿಟಕಿಯಿಂದ."

"ಆ ಕಿಟಕಿಗೆ ಪತ್ರರಂಧ್ರ ಅಂತಾರ," ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಗೊತ್ತದರೀ. ಕಿಟಕಿ ಆಚಿಗೊಬ್ಬಾಕಿ ಈಚಿಗೊಬ್ಬಾಕಿ ಅತ್ತಿ-ಸೊಸಿ ಕುಂತಿರ್ತಾರ. ಇಬ್ಬರಿಗೂ ಹೊಟ್ಟಿ ತುಂಬಿದ್ರ ಕಿಟಕಿ ತೆರೀತದ. ಹಸದ್ರಂದ್ರ ಧಡ್ ಅಂತ ಮುಚ್ಚತದ."

ಪತ್ರರಂಧ್ರದ ಎರಡು ಬದಿಗೆ ಎರಡು ಕಾವಲು ಕೋಶಗಳಿರುತ್ತವೆ. ಅವು ನೀರು ಹೀರಿ ಉಬ್ಬಿದಾಗ ರಂಧ್ರ ತೆರೆಯುತ್ತದೆ, ನೀರು ಕಳೆದುಕೊಂಡಾಗ ಮುಚ್ಚುತ್ತದೆ. ತಪ್ಪು ಎಲ್ಲಿದೆ ಎಂದು ಹುಡುಕಿದೆ. ಇರಲಿಲ್ಲ. ಮೂವತ್ತು ವರ್ಷದಲ್ಲಿ ನನಗೆ ಇದು ಯಾಕೆ ಹೊಳೆಯಲಿಲ್ಲ ಎಂದು ಮನೆಗೆ ಬರುವವರೆಗೂ ಯೋಚಿಸಿದೆ.

ಮುಂದಿನ ವಾರ ಕಿರುಪರೀಕ್ಷೆ ಕೊಟ್ಟೆ. ಅದೇ ಹುಡುಗಿ ಬರೆದಿದ್ದಳು: ‘ಅತ್ತೆ ಮತ್ತು ಸೊಸೆ ನೀರು ಹೀರಿ ಉಬ್ಬಿದಾಗ ಪತ್ರರಂಧ್ರ ತೆರೆಯುತ್ತದೆ.’ ನಾನು ಪೂರ್ತಿ ಅಂಕ ಕೊಟ್ಟು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: ‘ಉಬ್ಬುವುದು ಸರಿ. ಸಂಬಂಧ ನಮೂದಿಸುವ ಅಗತ್ಯವಿಲ್ಲ.’

ಅವಳು ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದು ಹಿಂದಿರುಗಿಸಿದಳು: ‘ಸರ್, ಸಂಬಂಧ ಬಿಟ್ಟರೆ ಉಬ್ಬುವುದು ಯಾರು ಎಂದು ಮರೆಯುತ್ತದೆ.’

೨. ಖಾನಾಪುರದಲ್ಲಿ

ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಸೋಮವಾರ ಮುಂಜಾನೆ ಖಾನಾಪುರದ ಗಾಡಿಯಲ್ಲಿ ಕೂತು ಆ ಅಡುಗೆಮನೆಯನ್ನು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ಅಲ್ಲಿಯ ಮಕ್ಕಳಿಗೆ ಯಾರು ಹೇಳಿದ್ದೆಂದು ಗೊತ್ತಾಗಲು ದಾರಿ ಇರಲಿಲ್ಲ. ಇಪ್ಪತ್ತೈದು ಕಿಲೋಮೀಟರ್ ದೂರ, ಬೇರೆ ಶಾಲೆ, ಅರ್ಧ ಮಕ್ಕಳು ಮನೆಯಲ್ಲಿ ಮರಾಠಿ ಆಡುವವರು.

"ಎಲೆ ಎಂದರೆ ಒಂದು ಅಡುಗೆಮನೆ ಇದ್ದ ಹಾಗೆ," ಎಂದು ಶುರು ಮಾಡಿದೆ. ತರಗತಿ ಗಮನವಿಟ್ಟು ಕೇಳಿತು. ಒಬ್ಬ ಹುಡುಗ ಎದ್ದು, "ಸರ್, ಹೊತ್ತು ಮುಳುಗಿದ ಮ್ಯಾಲ ಗ್ಯಾಸ್ ಮುಗೀತದಲ್ರಿ, ಆವಾಗ?" ಎಂದ.

"ಅಡಗಿ ಬಂದ್. ಹಗಲಿ ಮಾಡಿಟ್ಟದ್ದನ್ನ ಉಣತದ," ಎಂದೆ. ಇದು ನನ್ನದೇ ಸ್ವಂತದ ಸೇರ್ಪಡೆ. ಬಹಳ ಹಿತವೆನಿಸಿತು.

ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಮರಾಠಿಯಲ್ಲಿ ಏನೋ ಪಿಸುಗುಟ್ಟಿದಳು. ಬಾಜುದವಳು ಕಿಸಕ್ಕನೆ ನಕ್ಕಳು.

"ಏನದು?" ಎಂದೆ.

"ಏನಿಲ್ರಿ ಸರ್," ಎಂದಳು ನಕ್ಕವಳು. "ಅತ್ತಿ-ಸೊಸಿ ಯಾವಾಗ ಬರ್ತಾರ ಅಂತ ಕೇಳಾಕತ್ತಾಳ್ರಿ."

ನಾನು ಸುಣ್ಣದ ಕಡ್ಡಿ ಕೆಳಗಿಟ್ಟೆ. ಪಿಸುಗುಟ್ಟಿದವಳು ಎದ್ದು ನಿಂತಳು. "ನಮ್ಮ ಕಾಕಾನ ಮಗಳು ಬೆಳಗಾವಿ ಸಾಲ್ಯಾಗ ಕಲತಾಳ್ರಿ. ಅವರ ಟೀಚರ್ ಹೇಳಿದ್ದನ್ನ ಹ್ವಾದ ವರ್ಷನ ನಮಗೆಲ್ಲಾ ಹೇಳ್ಯಾಳ." ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ, ಸಮಾಧಾನ ಮಾಡುವ ಧ್ವನಿಯಲ್ಲಿ ಮುಂದುವರಿಸಿದಳು. "ಖರೇ ಹೇಳ್ತೀನ್ರಿ ಸರ್, ನೀವೂ ಛಲೋ ಹೇಳಿದ್ರಿ. ಸ್ವಲ್ಪ ಸಾವಕಾಶ ಆತು, ಅಷ್ಟ."

೩. ಮೂವರು ಮತ್ತು ಇಬ್ಬರು

ಹೃದಯದ ಪಾಠಕ್ಕೆ ಹುಡುಗಿಯರು ನನ್ನನ್ನು ಕೇಳಲೇ ಇಲ್ಲ. ನಾನು ಬರುವಷ್ಟರಲ್ಲಿ ಬೆಂಚುಗಳನ್ನು ಸರಿಸಿ ತರಗತಿಯನ್ನು ನಾಲ್ಕು ಕೋಣೆಗಳಾಗಿ ಮಾಡಿದ್ದರು. ಟೀಚರ್ ಪ್ರತಿ ವರ್ಷ ಹೀಗೇ ಮಾಡಿಸುತ್ತಿದ್ದರಂತೆ. ಹುಡುಗಿಯರೇ ರಕ್ತ. ಕೈಗೆ ನೀಲಿ ರಿಬ್ಬನ್ ಕಟ್ಟಿಕೊಂಡು ಹಿಂದಿನ ಬಾಗಿಲಿನಿಂದ ಬರಬೇಕು, ಬಲಗಡೆಯ ಎರಡು ಕೋಣೆ ದಾಟಿ ಹೊರಗೆ ಹೋಗಬೇಕು. ಮೈದಾನದ ಬೇವಿನ ಮರವೇ ಫುಪ್ಪುಸ, ಅಂದರೆ ಶ್ವಾಸಕೋಶ. ಅಲ್ಲಿ ನೀಲಿ ಬಿಚ್ಚಿ ಕೆಂಪು ರಿಬ್ಬನ್ ಕಟ್ಟಿಕೊಂಡು ಎಡಗಡೆಯ ಕೋಣೆಗಳಿಗೆ ಬರಬೇಕು. ಕೋಣೆಗಳ ನಡುವೆ ಕವಾಟಗಳಾಗಿ ಕೆಲವು ಹುಡುಗಿಯರು ಕೈಚಾಚಿ ನಿಂತಿದ್ದರು. ಕವಾಟದ ಕೆಲಸ ಒಂದೇ: ಮುಂದೆ ಹೋಗುವವರನ್ನು ಬಿಡುವುದು, ಹಿಂದೆ ಬರುವವರನ್ನು ತಡೆಯುವುದು.

ಬಲಗಡೆಯ ಕವಾಟಕ್ಕೆ ಮೂರು ದಳ, ಎಡಗಡೆಯದಕ್ಕೆ ಎರಡು. ಎಣಿಸಿದೆ. ಬಲಗಡೆ ಮೂವರು ನಿಂತಿದ್ದರು, ಎಡಗಡೆ ಇಬ್ಬರು. ನಿರಾಶೆಯಾಯಿತು.

ರಕ್ತ ಹರಿಯಲು ಶುರುವಾದ ಹೊತ್ತಿಗೆ ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ವಿಶೇಷ ತರಗತಿ ನೋಡಲು ಬಂದರು. ಹಿಂದಿನ ಬಾಗಿಲಿನಿಂದ ಒಳಗೆ ಬಂದು, ಮೂವರು ಹುಡುಗಿಯರನ್ನು ದಾಟಿ ನೇರವಾಗಿ ನಾನಿದ್ದ ಬಲಗಡೆಯ ಎರಡನೇ ಕೋಣೆಗೆ, ಅಂದರೆ ಬಲ ಹೃತ್ಕುಕ್ಷಿಗೆ ಬಂದು ನಮಸ್ಕಾರ ಮಾಡಿದರು. ಎರಡು ಮಾತಾಡಿ, "ನಡೀಲಿ ನಡೀಲಿ, ನಾ ಹೊಂಡತೀನಿ," ಎಂದು ಬಂದ ದಾರಿಯಲ್ಲೇ ತಿರುಗಿದರು.

ಮೂವರೂ ಕೈ ಅಡ್ಡ ಹಿಡಿದರು. "ಈ ಕಡೆ ವಾಪಸ್ ಬರಾಕ ಬರೂದಿಲ್ರಿ ಸರ್."

"ಏ ತಂಗಿ, ನಾ ಆಫೀಸಿನಿಂದ ಬಂದೀನಿ."

"ಎಲ್ಲಿಂದರೆ ಬಂದಿರ್ರಿ. ಒಮ್ಮೆ ಇಲ್ಲಿ ಬಂದ್ರ ಫುಪ್ಪುಸಕ್ಕನ ಹೋಗಬೇಕು. ಮುಂದಿನ ಬಾಗಲಾ ಆ ಕಡೆ ಅದ."

ಅವರು ನನ್ನ ಕಡೆ ನೋಡಿದರು. ಶಾಸ್ತ್ರದ ಪ್ರಕಾರ ಹುಡುಗಿಯರು ಹೇಳಿದ್ದೇ ಸರಿ, ನಾನೇನು ಮಾಡಲಿ? ಅಧಿಕಾರಿಗಳು ಬೇವಿನ ಮರದವರೆಗೆ ನಡೆದು, ಕೈಗೆ ಕೆಂಪು ರಿಬ್ಬನ್ ಕಟ್ಟಿಸಿಕೊಂಡು, ಎಡಗಡೆಯ ಎರಡೂ ಕೋಣೆ ದಾಟಿ, ಬೆವರು ಒರೆಸಿಕೊಳ್ಳುತ್ತ ಶರೀರಕ್ಕೆ ಹೋದರು. ಹೋಗುವಾಗ ಖುಷಿಯಿಂದ ಕೇಳಿದರು, "ಇದನ್ನ ಯಾರು ಕಲಿಸಿದ್ರು ನಿಮಗ?"

ನಲವತ್ತು ಧ್ವನಿಗಳು ಒಟ್ಟಿಗೆ, "ಟೀಚರ್ ರೀ!"

ಭೇಟಿಯ ಪುಸ್ತಕದಲ್ಲಿ ಅವರು ಬರೆದದ್ದನ್ನು ನಂತರ ಓದಿದೆ: ‘ಜೀವಶಾಸ್ತ್ರದ ಶಿಕ್ಷಕಿಯ ಬೋಧನೆ ಅತ್ಯುತ್ತಮ. ತರಗತಿಯಲ್ಲಿ ಒಬ್ಬ ಪೋಷಕರೂ ಹಾಜರಿದ್ದು ಆಸಕ್ತಿಯಿಂದ ವೀಕ್ಷಿಸುತ್ತಿದ್ದರು.’

೪. ಹದಿನಾಲ್ಕನೇ ಪುಟ

ಇನ್ನು ಮೂರು ವಾರ ಉಳಿದಿತ್ತು. ಬಾಯಿಯಿಂದ ಆಗದ್ದು ಬರಹದಿಂದ ಆಗಲಿ ಎಂದು ನಾನೇ ಕೂತು ಹನ್ನೆರಡು ಪುಟದ ಟಿಪ್ಪಣಿ ಸಿದ್ಧಪಡಿಸಿದೆ. ನಲವತ್ತು ಪ್ರತಿ ತೆಗೆಸಲು ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವರು ನನ್ನ ಹಾಳೆಗಳನ್ನು ತಿರುವಿ ಹಾಕಿ, ಮರಳಿ ನನ್ನ ಮುಂದೆಯೇ ಇಟ್ಟರು.

"ಹತ್ತನೇ ಇಯತ್ತೆ ಬಯಾಲಜಿ ಏನ್ರಿ? ಇದರ ಬದ್ಲಿ ಇದನ್ನ ಒಯ್ರಿ." ಟೇಬಲ್ ಕೆಳಗಿನಿಂದ ಒಂದು ಕಟ್ಟು ತೆಗೆದರು. "ಒಬ್ಬರು ಟೀಚರ್ ಬರದಾರ. ಭಾಳ ಹೋಗ್ತಾವ. ಮರಾಠಿ ಮೀಡಿಯಂದವರೂ ಒಯ್ತಾರ, ಚಿತ್ರ ನೋಡಾಕ."

ಮೇಲಿನ ಹಾಳೆಯ ಅಕ್ಷರ ನನಗೆ ಗೊತ್ತಿತ್ತು. ದಿನಸಿ ಚೀಟಿಯಲ್ಲಿ, ಡಬ್ಬಿಗಳ ಮೇಲೆ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕಾಗದದ ಮೇಲೆ ಈಗಲೂ ಅದೇ ಅಕ್ಷರ ಇದೆ.

"ಒಂದ ಪುಟ ಅಷ್ಟ ಬಿಡ್ರಿ," ಎಂದರು ಅಂಗಡಿಯವರು. "ಹದಿನಾಕನೇದು. ಆ ಕಿಡ್ನಿ ಚಿತ್ರ ಇವತ್ತಿನ ತನಕ ಒಬ್ಬರಿಗೂ ತಿಳದಿಲ್ಲ. ಟೀಚರ್ ಮತ್ತ ಬಂದ್ರ ಕೇಳಬೇಕಂತ ಮಾಡೀನಿ, ಅದನ್ನ ತಗದ ಬಿಡ್ಲೇನು ಅಂತ."

ಹದಿನಾಲ್ಕನೇ ಪುಟ ತೆರೆದೆ. ಮೂತ್ರಪಿಂಡದ ನೆಫ್ರಾನ್. ಒಂದು ರವಿವಾರ ಅವಳು ಕೇಳಿಕೊಂಡಳೆಂದು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಇಡೀ ಮುಂಜಾನೆ ಕೂತು ನಾನು ಬರೆದುಕೊಟ್ಟದ್ದು. ಇಪ್ಪತ್ತಾರು ಭಾಗ ಗುರುತಿಸಿದ್ದೆ.

"ತಗೀಬ್ಯಾಡ್ರಿ," ಎಂದೆ. "ಅವರು ಬೇಕಂತನ ಇಟ್ಟಾರ."

"ನಿಮಗ ಗೊತ್ತೇನ್ರಿ ಅವರು?"

"ಒಂದೇ ಸಬ್ಜೆಕ್ಟ್," ಎಂದೆ.

"ಹಂಗಾರ ಆ ಚಿತ್ರ ಬರದಾವರಿಗೆ ನೀವರೆ ಹೇಳ್ರಿ. ಅದು ಕಿಡ್ನಿ ಅಲ್ಲ, ನಮ್ಮ ರವಿವಾರ ಪೇಟಿ ಓಣಿಗಳ ನಕಾಶಿ. ಒಳಗ ಹೋಗಾಕ ದಾರಿ ಅದಾವ, ಹೊರಗ ಬರಾಕ ಒಂದೂ ಇಲ್ಲ."

೫. ಬೆನ್ನುಹುರಿ

ಕಡೆಯ ತರಗತಿ ರವಿವಾರ ಮುಂಜಾನೆ, ನರಮಂಡಲ. ಹುಡುಗಿಯರು ಎಲ್ಲಕ್ಕೂ ಸರಿಯಾಗಿ ಉತ್ತರಿಸಿದರು, ಎಲ್ಲದರ ಹಿಂದೆಯೂ ‘ಟೀಚರ್ ಹೇಳಿದ್ದು’ ಇತ್ತು. ಕೊನೆಗೆ ಪರಾವರ್ತಿತ ಪ್ರತಿಕ್ರಿಯೆಗೆ ಒಂದು ಉದಾಹರಣೆ ಕೇಳಿದೆ. ಮಿದುಳು ಯೋಚಿಸುವ ಮೊದಲೇ ಬೆನ್ನುಹುರಿಯ ಆದೇಶದಿಂದ ತಾನಾಗಿ ನಡೆದುಹೋಗುವ ಕ್ರಿಯೆ ಅದು.

ಯಾರೂ ಕೈ ಎತ್ತಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಮುಂದಿನ ಬೆಂಚಿನ ಹುಡುಗಿ ಎದ್ದು, "ಕಾದ ತವಾ ಮುಟ್ಟಿದ್ರ ಕೈ ಹಿಂದ ಬರ್ತದರಿ," ಎಂದಳು.

"ಅದು ಪುಸ್ತಕದ್ದು. ಟೀಚರ್ ಯಾವ ಉದಾಹರಣಿ ಕೊಟ್ಟಿದ್ರು?"

"ಅದು ಬ್ಯಾಡ್ರಿ ಸರ್."

ಅವಳು ಹಿಂಜರಿದಷ್ಟೂ ನನ್ನ ಹೊಟ್ಟೆಯಲ್ಲಿ ಕಿಚ್ಚು. ಅದೆಷ್ಟು ಚೆಂದದ ಉದಾಹರಣೆಯೋ, ನನಗೆ ಕೊಡಲು ಇವರಿಗೆ ಮನಸ್ಸಿಲ್ಲ! "ಹೇಳು," ಎಂದೆ.

"ಟೀಚರ್ ಹೇಳಿದ್ರು, ನಮ್ಮನಿಯವರಿಗೆ ಚಹಾ ಬೇಕೇನ್ರಿ ಅಂತ ಕೇಳಿದ್ರ, ಕೇಳಿ ಮುಗಸೂದ್ರಾಗ ಬ್ಯಾಡ ಅಂತಾರ. ಅದು ಬೆನ್ನುಹುರಿ. ಆಮ್ಯಾಲ ಮಿದುಳಿಗೆ ಸುದ್ದಿ ಮುಟ್ಟತದ, ನನ್ನ ಚಹಾನೂ ಕುಡದ ಬಿಡ್ತಾರ, ಅಂತ."

ಇಡೀ ತರಗತಿ ತಲೆ ತಗ್ಗಿಸಿ ಕೂತಿತು. ನನ್ನೊಳಗೆ ಮಾತ್ರ ದೀಪ ಹತ್ತಿತು. ಕೊನೆಗೂ ತಪ್ಪು! ಮೂರು ತಿಂಗಳಿಂದ ಹುಡುಕುತ್ತಿದ್ದೆ, ಸಿಕ್ಕೇ ಬಿಟ್ಟಿತು.

"ಇದನ್ನ ಪರೀಕ್ಷಾದಾಗ ಬರೀಬ್ಯಾಡ್ರಿ, ಅಂಕ ಹೋಗ್ತಾವ," ಎಂದು ಹಲಗೆಯ ಕಡೆ ತಿರುಗಿದೆ. "ಮಾತಾಡೂದು ಮಿದುಳಿನ ಕೆಲಸ. ಬೆನ್ನುಹುರಿಗೆ ಮಾತು ಬರೂದಿಲ್ಲ. ಕೇಳಿದ ಪ್ರಶ್ನೆ ಮೊದಲು ಮಿದುಳಿಗೇ ಹೋಗಬೇಕು." ಬಲಗೈಯಲ್ಲಿ ಸುಣ್ಣದ ಕಡ್ಡಿ ಹಿಡಿದು ಕಿವಿ, ನರ, ಮಿದುಳು, ಬಾಯಿ ಎಲ್ಲ ಬರೆದೆ. ಬಾಣದ ಗುರುತು ಹಾಕಿದೆ. ಅಷ್ಟು ಹುರುಪಿನಿಂದ ಆ ತರಗತಿಯಲ್ಲಿ ನಾನು ಯಾವತ್ತೂ ಕಲಿಸಿರಲಿಲ್ಲ. ನಡುವೆ, ಎಲ್ಲರೂ ಮೌಶಿ ಎಂದು ಕರೆಯುವ ಶಾಲೆಯ ಆಯಾ ಬಾಜುಕ್ಕೆ ಬಂದು, "ಸರ್, ಚಹಾ..." ಎಂದರು. "ಬ್ಯಾಡ," ಎಂದು ಹೇಳಿ ಮುಂದುವರಿಸಿದೆ.

ಚಿತ್ರ ಮುಗಿಸಿ ತಿರುಗಿದಾಗ ಯಾರೂ ಹಲಗೆ ನೋಡುತ್ತಿರಲಿಲ್ಲ. ನಲವತ್ತು ಹುಡುಗಿಯರೂ ನನ್ನ ಎಡಗೈ ನೋಡುತ್ತಿದ್ದರು. ನಾನೂ ನೋಡಿದೆ. ಎಡಗೈಯಲ್ಲಿ ಚಹಾದ ಕಪ್ಪು ಇತ್ತು. ಅರ್ಧ ಖಾಲಿಯಾಗಿತ್ತು.

ಬಾಗಿಲಲ್ಲಿ ಕಿಟಲಿ ಹಿಡಿದು ನಿಂತಿದ್ದ ಮೌಶಿ ಕೇಳಿದರು, "ಇನ್ನೊಂದೀಟು ಹಾಕ್ಲೇನ್ರಿ?"

ನಾನು ಬಾಯಿ ತೆರೆಯಲಿಲ್ಲ. ಅದರ ಮೇಲೆ ನನಗೆ ನಂಬಿಕೆ ಉಳಿದಿರಲಿಲ್ಲ. ಕಪ್ಪನ್ನು ಮುಂದೆ ಹಿಡಿದೆ.

ಆಗ ಒಡೆದ ನಗು ಮುಖ್ಯೋಪಾಧ್ಯಾಯಿನಿಯವರ ಕೋಣೆಯವರೆಗೂ ಹೋಗಿರಬೇಕು. ಡಿಸೆಂಬರಿನ ನಂತರ ಆ ತರಗತಿ ನಕ್ಕದ್ದು ಅದೇ ಮೊದಲು. ನಾನು ನಕ್ಕದ್ದೂ.

"ಸರ್, ಈಗ ಬರೀಬಹುದೇನ್ರಿ?" ಎಂದಳು ಮುಂದಿನ ಬೆಂಚಿನವಳು, ಕಣ್ಣು ಒರೆಸಿಕೊಳ್ಳುತ್ತ.

"ಪರೀಕ್ಷಾದಾಗ ತವಾ ಬರೀರಿ. ನೋಟ್ಸಿನ್ಯಾಗ ಬೇಕಾದ್ರ ಇದನ್ನ ಬರಕೋರಿ. ಆದ್ರ ‘ಸರ್ ಹೇಳಿದ್ದು’ ಅಂತ ಬರೀಬೇಕು," ಎಂದೆ. ಇಷ್ಟಾದ ಮೇಲೆ ಅಷ್ಟಾದರೂ ನನಗೆ ಸಿಗಬೇಕು.

ಅವಳು ತಲೆ ಬಗ್ಗಿಸಿ ಶ್ರದ್ಧೆಯಿಂದ ಬರೆದಳು. ಹತ್ತಿರ ಹೋಗಿ ನೋಡಿದೆ. ದುಂಡು ಅಕ್ಷರದಲ್ಲಿ ಎರಡು ಸಾಲು ಇದ್ದವು.

‘ಸರ್ ಹೇಳಿದ್ದು: ಬೇಡ.
ಟೀಚರ್ ಹೇಳಿದ್ದು: ಕುಡಿಯುತ್ತಾರೆ.’