ಮೊಮ್ಮಗಳಿಗೆ ಸೊಪ್ಪು ಉಣ್ಣಿಸಿದ್ದು

"ಮಗು ಉಣ್ಣುತ್ತೆ. ನೀವು ಎದುರಿಗೆ ಕುಂತ್ಕಬ್ಯಾಡಿ."

ಹಾಸನದ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಕೊನೇಗೆ ಆಡಿದ ಮಾತು ಇದು. ಬೇರೆ ಏನಾದರೂ ಹೇಳ್ತಾಳೇನೋ ಅಂತ ಕಾದೆ. ಹೇಳಲಿಲ್ಲ.

ಮಗಳು ಹಾಸನದಲ್ಲಿ ಗಾರ್ಮೆಂಟ್ಸಿಗೆ ಹೋಗ್ತಾಳೆ. ಬೆಳಗ್ಗೆ ವ್ಯಾನ್ ಹತ್ತಿದರೆ ಬರೋದು ಸಂಜೆಗೆ. ಮೊಮ್ಮಗಳಿಗೆ ಮೂರೂವರೆ ವರ್ಷ. ಅವಳಿಗೆ ಉಣ್ಣಿಸೋದು ಅಜ್ಜಿ ಕೆಲಸವಾಗಿತ್ತು. ಈಗ ನನ್ನದು. ನಾನು ಓದಿದ್ದು ನಾಕನೇ ಕ್ಲಾಸು. ಹಳೇಕೋಟೆ ಕಡೆ ಹೊಲ ಉತ್ತವನು. ಎತ್ತಿಗೆ ಮೇವು ಹಾಕಿ ಗೊತ್ತು. ಮುಂದೆ ಹಾಕಿದರೆ ತಿಂತವೆ. ಮಗು ಹಂಗಲ್ಲ. ದಿನಕ್ಕೊಂದು ಏನಾದರೂ ಆಯ್ತಾನೇ ಇರ್ತದೆ.

೧. ಬಳಪ

ಮೊಮ್ಮಗಳು ವಾರಕ್ಕೊಂದು ಪೆಟ್ಟಿಗೆ ಬಳಪ ಮುಗಿಸೋಳು. ನನಗೆ ಹೆಮ್ಮೆ. ಟೀ ಅಂಗಡೀಲಿ ಕೂತು ಎಲ್ಲರಿಗೂ ಹೇಳಿದೆ, "ಅಕ್ಷರ ಅಂದ್ರೆ ಪ್ರಾಣ ಬಿಡ್ತಾಳೆ ಕಣ್ಲಾ. ಮೇಡಮ್ಮೇ ಆಗೋದು." ಅಂಗಡಿಯವನು ಖುಷಿಯಾಗಿ ಇನ್ನೊಂದು ಪೆಟ್ಟಿಗೆ ಸುಮ್ಮನೆ ಕೊಟ್ಟ.

ಒಂದಿನ ಅಂಗನವಾಡಿ ಟೀಚರಮ್ಮ ಕರೆದರು. "ಯಜಮಾನ್ರೆ, ಇವಳ ನಾಲಿಗೆ ನೋಡಿ. ಬಳಪ ತಿಂತಾಳೆ. ರಕ್ತ ಕಮ್ಮಿ ಇರೋ ಮಕ್ಕಳು ಹಿಂಗೆ ಮಾಡ್ತವೆ. ಡಾಕ್ಟರಿಗೆ ತೋರಿಸಿ."

ಹೊಳೆನರಸೀಪುರದ ಡಾಕ್ಟರಮ್ಮ ಬೆರಳು ಚುಚ್ಚಿ ನೋಡಿದರು. ಮೈಯಲ್ಲಿ ಕಬ್ಬಿಣದ ಅಂಶ ಸಾಲದು ಅಂದರು.

"ಏನು ತಿಂತಾಳೆ?"

"ಟೀ, ಬನ್ನು."

"ಟೀ ನಿಲ್ಸಿ. ಊಟದಲ್ಲಿರೋ ಕಬ್ಬಿಣ ಮೈಗೆ ಹತ್ತೋಕೆ ಅದು ಬಿಡಲ್ಲ. ಸೊಪ್ಪು, ಕಾಳು, ರಾಗಿ, ಮೊಟ್ಟೆ ಕೊಡಿ. ಆಗಾಗ ಒಂಚೂರು ಲಿವರ್. ಸೊಪ್ಪಿನ ಮೇಲೆ ನಿಂಬೆಹುಳಿ ಹಿಂಡಿ." ದಿನಾ ಕುಡಿಸಕ್ಕೆ ಒಂದು ಔಷಧಿನೂ ಬರೆದುಕೊಟ್ಟರು.

ಮನೆಗೆ ಬಂದು ಸ್ಲೇಟು ತೆಗೆದು ನೋಡಿದೆ. ಅಂಗಡೀಲಿ ತಂದಂಗೇ ಇತ್ತು. ಒಂದು ಗೀಟೂ ಬಿದ್ದಿರಲಿಲ್ಲ.

೨. ಬುತ್ತಿ

ಔಷಧಿ ಕುಡಿಸಿದ ನಾಕನೇ ದಿನ ಮಗು ಕರ್ರಗೆ ಕಕ್ಕಸು ಮಾಡ್ತು. ಟಾರಿನಂಗೆ. ಔಷಧಿಗೆ ಹಂಗೇ ಬರೋದು, ಹೆದರಬೇಡಿ ಅಂತ ಡಾಕ್ಟರಮ್ಮ ಆಮೇಲೆ ಹೇಳಿದರು. ಆದರೆ ಆವಾಗ ನನಗೆ ಗೊತ್ತಿಲ್ಲ. ಬಾಯಲ್ಲಿ ಹೇಳಿದರೆ ನಂಬ್ತಾರೋ ಇಲ್ವೋ ಅಂತ, ಅದನ್ನ ಬಾಳೆ ಎಲೇಲಿ ಕಟ್ಟಿ, ಕವರಿಗೆ ಹಾಕಿ, ಬುತ್ತಿ ಚೀಲದಲ್ಲಿ ಇಟ್ಟೆ. ಮಗೂನ ಪಕ್ಕದ ಮನೇಲಿ ಬಿಟ್ಟು ಬಸ್ ಹತ್ತಿದೆ.

ಬಸ್ಸಲ್ಲಿ ಕಾಲಿಡಕ್ಕೆ ಜಾಗ ಇಲ್ಲ. ಸೀಟಲ್ಲಿ ಕೂತಿದ್ದ ಒಬ್ಬಮ್ಮ, "ಕೊಡಿ ಯಜಮಾನ್ರೆ, ಇಟ್ಕತೀನಿ" ಅಂದಳು. ಬ್ಯಾಡ ಅಂದೆ. "ಅಯ್ಯೋ, ಸಂಕೋಚ ಯಾಕೆ" ಅಂತ ಕಿತ್ಕೊಂಡು ತೊಡೆ ಮೇಲೆ ಇಟ್ಕೊಂಡಳು.

ಸ್ವಲ್ಪ ದೂರ ಹೋಯ್ತು. ಚೀಲದ ಮೇಲೆ ಕೈ ಇಟ್ಟು ಕೇಳಿದಳು, "ಇನ್ನೂ ಬೆಚ್ಚಗೈತೆ. ಮನೆಯವ್ರು ಕಟ್ಟಿದ್ದಾ?"

"ಇಲ್ಲ. ಮೊಮ್ಮಗಳದು."

"ಪುಣ್ಯವಂತ್ರು ಬಿಡಿ. ಈಗಿನ ಕಾಲ್ದಲ್ಲಿ ಯಾವ ಮೊಮ್ಮಕ್ಳು ಮಾಡ್ಕೊಡ್ತವೆ?"

೩. ತೂಕ

ದಿನಾ ಮಧ್ಯಾಹ್ನ ಬಸ್ಸಾರು ಮಾಡಿ, ಬಸಿದ ಸೊಪ್ಪಿಗೆ ಒಗ್ಗರಣೆ ಹಾಕಿ, ತಟ್ಟೆ ಇಟ್ಟು ಮಗೀನ ಎದುರಿಗೆ ಕೂತ್ಕೋತಿದ್ದೆ. ಅವಳು ನನ್ನ ನೋಡೋಳು. ನಾನು ಅವಳ ಬಾಯಿ ನೋಡೋನು. ಗದರಿದರೆ ತುಟಿ ಹೊಲೆದಂಗೆ ಮುಚ್ಕೊಳ್ಳೋಳು.

ಪಕ್ಕದ ಮನೆ ಅಕ್ಕ ಉಪಾಯ ಹೇಳಿದಳು. ಒಂದು ತುತ್ತು ತಾತಂಗೆ, ಒಂದು ತುತ್ತು ಮಗೀಗೆ. ಮಾಡಿದೆ. ನನ್ನ ತುತ್ತು ಒಳಗೆ ಹೋಗೋದು. ಅವಳದು ಕೆನ್ನೇಲಿ ನಿಂತು, ನಾನು ನೀರಿಗೆ ಎದ್ದಾಗ ಕೋಳಿಗೆ ಹೋಗೋದು.

ತಿಂಗಳಾದ ಮೇಲೆ ಡಾಕ್ಟರಮ್ಮ ಮತ್ತೆ ಬೆರಳು ಚುಚ್ಚಿದರು. "ರಕ್ತ ಏರೇ ಇಲ್ವಲ್ಲ. ಮುಂದಿನ ತಿಂಗಳೂ ಹಿಂಗೇ ಇದ್ರೆ ಹಾಸನಕ್ಕೆ ಬರೀತೀನಿ. ಅಡ್ಮಿಟ್ ಮಾಡ್ಬೇಕಾಗ್ತದೆ."

ಆ ಆಸ್ಪತ್ರೆ ನನಗೆ ಗೊತ್ತು. ಇಬ್ಬರು ಹೋಗಿ ಒಬ್ಬನೇ ಬಂದಿದ್ದೆ.

ಮಗು ತಕ್ಕಡಿ ಮೇಲೆ ಒಬ್ಬಳೇ ನಿಲ್ಲಲ್ಲ. ಎತ್ಕೊಂಡು ನಾನು ನಿಲ್ಲಬೇಕು, ಆಮೇಲೆ ನಾನೊಬ್ಬನೇ ನಿಲ್ಲಬೇಕು. ನರ್ಸಮ್ಮ ಕಳೆದು ಬರ್ಕೋತಾಳೆ. ಹೋದ ತಿಂಗಳದ್ದೂ ಬರೆದಿಟ್ಟಿದ್ದಳು. ಎರಡನ್ನೂ ನೋಡಿ ಒಳಕ್ಕೆ ಕೂಗಿದಳು.

"ಡಾಕ್ಟ್ರೇ, ಸೊಪ್ಪು ಕೆಲಸ ಮಾಡ್ತೈತೆ. ತಾತಂಗೆ ಮೂರು ಕೆಜಿ ಏರೈತೆ."

೪. ಎಡೆ

ಮಹಾಲಯ ಅಮಾವಾಸ್ಯೆ. ಹೆಂಡತಿಯ ಫೋಟೋ ಇಟ್ಟು ಎಡೆ ಹಾಕಿದ ಮೊದಲ ಪಕ್ಷ. ಟೇಬಲ್ ಮೇಲೆ ಫೋಟೋ. ಟೇಬಲ್ಲಿಗೆ ನೆಲದವರೆಗೂ ಹೊಸ ಸೀರೆ ಹೊದಿಸಿದ್ವಿ. ಅದರ ಮುಂದೆ ಬಾಳೆ ಎಲೆ. ಅವಳಿಗೆ ಇಷ್ಟವಾದ್ದೆಲ್ಲ ಬಡಿಸಿದ್ವಿ. ಲಿವರ್ ಫ್ರೈ, ಮುದ್ದೆ, ದಂಟಿನ ಸೊಪ್ಪು, ಬೇಯಿಸಿದ ಮೊಟ್ಟೆ. ಧೂಪ ಹಾಕಿ ಕೈ ಮುಗಿದು, ಎಲ್ಲರೂ ಆಚೆ ಬಂದು ಬಾಗಿಲು ಎಳ್ಕೊಂಡ್ವಿ. ಹಿರೀಕರು ಬಂದು ಉಣ್ಣೋವರೆಗೂ ಯಾರೂ ಒಳಗೆ ನೋಡಬಾರದು. ಮಗು ಅವರಮ್ಮನ ಹತ್ರ ಐತೆ ಅಂತ ನಾನು. ನನ್ನ ಹತ್ರ ಐತೆ ಅಂತ ಅವರಮ್ಮ.

ಸ್ವಲ್ಪ ಹೊತ್ತಾದ ಮೇಲೆ ಹೆಂಡತಿಯ ತಮ್ಮ, ನನ್ನ ಭಾಮೈದ, ಕೆಮ್ಮಿ ಬಾಗಿಲು ತೆಗೆದ. ಎಲೇಲಿ ಲಿವರ್ ಇಲ್ಲ. ಮೊಟ್ಟೆ ಇಲ್ಲ. ಸೊಪ್ಪಿದ್ದ ಜಾಗದಲ್ಲಿ ಬೆರಳಿನ ಗೀರು.

"ಅಕ್ಕಾ! ಬಂದ್ಬುಟ್ಟಿದ್ಯೇನವ್ವಾ!" ಅಂತ ಉದ್ದಕ್ಕೆ ಬಿದ್ದ. ಹೆಂಗಸರು ಗೊಳೋ ಅಂದರು. ನಾನೂ ಫೋಟೋಗೆ ಕೈ ಮುಗಿದೆ.

ಆಗ ಸೀರೆ ಅಡಿಯಿಂದ ಒಂದು ಕೈ ಬಂತು. ಭಾಮೈದನ ತಲೆ ಮುಟ್ತು.

ಅವನು ಕಿರುಚಿಕೊಂಡು ಬೀದಿಗೆ ಓಡಿದ. ಪಂಚೆ ಹೊಸಲ ಹತ್ರ ಉಳ್ಕೊಂಡ್ತು.

"ತಾತ, ನೀರು," ಅಂದಳು ಮೊಮ್ಮಗಳು.

ಮಗಳು ಕೈ ಎತ್ತಿದಳು. "ಎಡೆ ಮೈಲಿಗೆ ಮಾಡ್ಬುಟ್ಯಲ್ಲೇ! ತಟ್ಟೇಲಿಟ್ರೆ ಉಗೀತೀಯ, ಇಲ್ಲಿ ಯಾಕೆ ತಿಂದೆ?"

"ಇಲ್ಲಿ ಯಾರೂ ನೋಡ್ತಿರ್ಲಿಲ್ಲ."

ಮಗಳ ಕೈ ಹಿಡ್ಕೊಂಡೆ. ಫೋಟೋ ಕಡೆ ನೋಡಿದೆ. ಆಸ್ಪತ್ರೇಲಿ ಹೇಳಿದ್ದಳಲ್ಲ.

ಮಾರನೇ ದಿನ ಬೆಳಗ್ಗೆ, ಮಗಳು ವ್ಯಾನ್ ಹತ್ತಿದ ಮೇಲೆ, ದಂಟಿನ ಸೊಪ್ಪು ಬೇಯಿಸಿದೆ. ನಿಂಬೆಹುಳಿ ಹಿಂಡಿದೆ. ಫೋಟೋ ಮುಂದೆ ಎಲೆ ಹಾಕಿ ಬಡಿಸಿದೆ. ಧೂಪಾನೂ ಹಾಕಿದೆ. ಮಗೂನ ಒಳಗೆ ಬಿಟ್ಟು, ಬಾಗಿಲು ಎಳ್ಕೊಂಡು, ಜಗುಲಿ ಮೇಲೆ ರಸ್ತೆ ಕಡೆ ತಿರುಗಿ ಕೂತೆ.

ಪಕ್ಕದ ಮನೆಯವನು ಧೂಪದ ವಾಸನೆಗೆ ಬಂದ. "ಏನ್ಲಾ, ಪಕ್ಷ ನೆನ್ನೆಗೇ ಮುಗೀತಲ್ಲ?"

"ನಮ್ಮನೇಲಿ ಇನ್ನೂ ಉಣ್ತಾವ್ರೆ ಕಣ," ಅಂದೆ. "ಒಳಗೆ ನೋಡ್ಬ್ಯಾಡ."