ಬೋಳರಾಜನ ರೂಪಾಯಿ

ನನ್ನ ಹೆಂಡತಿ ಶಿವಲಕ್ಷ್ಮಿಗೆ ಬ್ರಿಟಿಷರ ಮೇಲೆ ಇರುವಷ್ಟು ಸಿಟ್ಟು ಸ್ವಾತಂತ್ರ್ಯ ಹೋರಾಟಗಾರರಿಗೂ ಇದ್ದಿರಲಾರದು. ಅವರಿಗೆ ಬ್ರಿಟಿಷರನ್ನು ದೇಶದಿಂದ ಓಡಿಸಿದರೆ ಸಾಕಿತ್ತು. ಇವಳಿಗೆ ನಮ್ಮ ಬೀರುವಿನಿಂದ ಓಡಿಸಬೇಕು. ರೇಷ್ಮೆ ಸೀರೆಗಳಿಗೆ ಮೀಸಲಾದ ಅರೆಯಲ್ಲಿ ಅರ್ಧವನ್ನು ನಾನು ವಿಕ್ಟೋರಿಯಾ ರಾಣಿ ಮತ್ತವಳ ವಂಶಸ್ಥರಿಗೆ ಬಿಟ್ಟುಕೊಟ್ಟಿದ್ದೇ ಇದಕ್ಕೆ ಕಾರಣ. ('ಒತ್ತುವರಿ' ಎಂಬುದು ಅವಳ ಪದ. ಊರೂರಿನ ಕೆರೆ ಒತ್ತುವರಿಯನ್ನೇ ಯಾರೂ ಕೇಳದಿರುವಾಗ ನನ್ನ ಬೀರುವಿಗೆ ಯಾವ ಜೆಸಿಬಿ ಬಂದೀತು ಎಂಬುದು ನನ್ನ ಧೈರ್ಯ.)

ನಾನು ಹಳೇ ನಾಣ್ಯ ಕೂಡಿಡುವುದು ಪ್ರತಿಷ್ಠೆಗಲ್ಲ, ನಮ್ಮಜ್ಜಿ ನರಸಿಂಹಮ್ಮನ ಸಲುವಾಗಿ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ಅಜ್ಜಿ ಚಾಪೆಯ ಮೇಲೆ ನಾಲ್ಕು ಬೆಳ್ಳಿ ರೂಪಾಯಿಗಳನ್ನು ಸಾಲಾಗಿ ಇಡುತ್ತಿದ್ದಳು. ರಾಣಿ, ಬೋಳರಾಜ, ಕಿರೀಟದ ರಾಜ, ಮೀಸೆ ಇಲ್ಲದ ರಾಜ. ಕಾನ್ವೆಂಟಿನಲ್ಲಿ ಸಿಸ್ಟರು ಇದೇ ನಾಲ್ವರನ್ನು ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್, ಆರನೇ ಜಾರ್ಜ್ ಎಂದು ಇಸವಿ ಸಮೇತ ಉರು ಹೊಡೆಸಿದರು. ನಮ್ಮ ಮಧುಗಿರಿ ಬೆಟ್ಟದ ಕೋಟೆ ಕಟ್ಟಿಸಿದವರು ಯಾರೆಂದು ಮಾತ್ರ ಹೇಳಿಕೊಡಲಿಲ್ಲ. ಅಜ್ಜಿಗೆ ಇಸವಿ ತಿಳಿಯದು. ಯಾವ ರಾಜನ ಕಾಲದಲ್ಲಿ ಮನೆಯ ಯಾವ ಹಸು ಕರು ಹಾಕಿತೆಂಬುದು ಚೆನ್ನಾಗಿ ಗೊತ್ತಿತ್ತು. ಅಜ್ಜಿ ಹೋದ ಮೇಲೆ ನಾಲ್ವರೂ ಅಕ್ಕಸಾಲಿಯ ಮೂಸೆಗೆ ಬಿದ್ದು, ನನ್ನ ಮದುವೆಗೆ ಕುಂಕುಮದ ಭರಣಿಯಾದರು. ನಾಲ್ವರು ದೊರೆಗಳನ್ನು ಕರಗಿಸಿದ ಭರಣಿಯಿಂದ ಶಿವಲಕ್ಷ್ಮಿ ದಿನವೂ ಕುಂಕುಮ ಇಟ್ಟುಕೊಳ್ಳುತ್ತಾಳೆ. ಅವಳ ಆಳ್ವಿಕೆಯ ಠೀವಿ ಅಲ್ಲಿಂದಲೇ ಬಂದಿರಬೇಕು.

ಅಜ್ಜಿಯ ಆ ಸಾಲನ್ನು ಮತ್ತೆ ಚಾಪೆಯ ಮೇಲೆ ನೋಡಬೇಕು ಎನ್ನುವುದೇ ನನ್ನ ಹುಚ್ಚು. ಹತ್ತು ವರ್ಷದಲ್ಲಿ ಮೂವರು ಸಿಕ್ಕರು. ನಾಲ್ಕನೆಯವನು, ತಲೆಯಲ್ಲಿ ಕಿರೀಟವೂ ಇಲ್ಲದ, ಕೂದಲೂ ಇಲ್ಲದ ಎಡ್ವರ್ಡ್, ಒಳ್ಳೆಯ ಎಡವಟ್ಟು ಗಿರಾಕಿ. ಶಿರಾದ ಹಳೇ ಪಾತ್ರೆ ಅಂಗಡಿಯ ಸಾಹೇಬರು, 'ಟಕ್ಲಾ ರಾಜಾ? ಓ ನೈ ಮಿಲ್ತಾ ಸಾರ್' ಎಂದು ನನ್ನ ಬೋಳು ತಲೆಯನ್ನೇ ನೋಡುತ್ತ ಹೇಳಿದರು. ಪಾವಗಡದ ಕಡೆ ಬಲಸಮುದ್ರಕ್ಕೂ ಹೋಗಿ ಬಂದೆ. ನೆಲ ಅಗೆದಾಗ ನಾಣ್ಯ ಸಿಗುವುದುಂಟೆ ಎಂದು ಕೇಳಿದರೆ ಅಲ್ಲಿಯ ಯಜಮಾನರೊಬ್ಬರು ಸೋಲಾರ್ ಹಲಗೆಗಳ ಕಡೆ ಕೈ ತೋರಿಸಿ, ಈಗ ನೆಲ ಅಗೆಯುವವರೇ ಇಲ್ಲ, ಬಿಸಿಲನ್ನೇ ಬಾಡಿಗೆಗೆ ಬಿಟ್ಟಿದ್ದೇವೆ ಎಂದರು. (ಆ ಕಾಲದಲ್ಲಿ ರಾಜ ಸತ್ತರೆ ಮಾತ್ರ ನಾಣ್ಯದ ಮೇಲಿನ ತಲೆ ಬದಲಾಗುತ್ತಿತ್ತು. ನಮ್ಮ ಸರ್ಕಲ್ಲಿನ ಫ್ಲೆಕ್ಸಿನಲ್ಲಿ ವಾರಕ್ಕೊಂದು ತಲೆ ಬದಲಾಗುತ್ತದೆ. 'ಮಧುಗಿರಿ ಜಿಲ್ಲೆ ಮಾಡಿಯೇ ತೀರುತ್ತೇವೆ' ಎಂಬ ಕೆಳಗಿನ ಸಾಲು ಮಾತ್ರ ಬದಲಾಗುವುದಿಲ್ಲ.)

ಹೀಗಿರುವಾಗ, ಪೇಟೆಗೆ ಕಂಬಳಿ ಮಾರಲು ಬಂದ ಕುರಿಗಾಹಿ ಕ್ಯಾತಪ್ಪ, ಚನ್ನರಾಯನದುರ್ಗದ ಹತ್ತಿರ ತನ್ನ ತಾಯಿ ಭೀಮಕ್ಕನ ಬಳಿ ಬೋಳಪ್ಪನ ರೂಪಾಯಿ ಇದೆ ಎಂದ. ಮರುದಿನವೇ ಜ್ವರವೆಂದು ಶಾಲೆಗೆ ರಜೆ ಚೀಟಿ ಬರೆದೆ. (ನಾನು ಇಂಗ್ಲಿಷ್ ಮೇಷ್ಟ್ರು. ನನಗೆ ಜ್ವರ ಬಂದರೆ ಮಕ್ಕಳು ಚೇತರಿಸಿಕೊಳ್ಳುತ್ತಾರೆ.)

ಭೀಮಕ್ಕ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಅವನೇ. ಎಣ್ಣೆ ಕುಡಿದೂ ಕುಡಿದೂ ನುಣುಪಾಗಿದ್ದ, ಆದರೆ ಬೋಳು, ಗಡ್ಡ ಎಲ್ಲ ಸ್ಪಷ್ಟ. ಸುತ್ತಿನ ಹಟ್ಟಿಗಳಲ್ಲಿ ಹುಟ್ಟಿದ ಕೂಸಿಗೆ ಹೊಕ್ಕುಳು ಉಬ್ಬಿದ್ದರೆ, ಈ ರೂಪಾಯಿಗೆ ಹರಳೆಣ್ಣೆ ಸವರಿ ಹೊಕ್ಕುಳ ಮೇಲಿಟ್ಟು ಬಟ್ಟೆಯಲ್ಲಿ ಬಿಗಿಯುತ್ತಾರಂತೆ. ಮೂರು ತಲೆಮಾರಿನ ಹೊಕ್ಕುಳುಗಳನ್ನು ಈ ಚಕ್ರವರ್ತಿ ಒಳಕ್ಕೆ ತಳ್ಳಿದ್ದಾನೆ. (ಹೊಕ್ಕುಳು ತಾನಾಗಿಯೇ ಒಳಗೆ ಹೋಗುತ್ತದೆ, ಏನೂ ಕಟ್ಟಬೇಡಿ ಎಂದು ಡಾಕ್ಟರುಗಳು ಬೈಯುತ್ತಾರೆ. ಹಾಗಾದರೆ ಎಡ್ವರ್ಡ್ ಏನೂ ಮಾಡದೆ ಹೆಸರು ತೆಗೆದುಕೊಂಡಿದ್ದಾನೆ. ಇಂದು ಇದ್ದಿದ್ದರೆ ಟಿಕೆಟ್ ಗ್ಯಾರಂಟಿ.)

ಎಷ್ಟು ಕೊಡುತ್ತೇನೆಂದರೂ ಭೀಮಕ್ಕ ಬಗ್ಗಲಿಲ್ಲ.

"ದುಡ್ಡಿಗೆ ಕೊಡಕಿಲ್ಲ ಕಣ್ ಮೇಷ್ಟ್ರೇ. ಕೂಸಿರೋ ಮನೆಗಾದ್ರೆ ಕೊಡ್ತೀನಿ, ವಾಸಿ ಆದ್ಮ್ಯಾಲೆ ವಾಪಸ್ ಕೊಡ್ಬೇಕು."

"ಕೂಸಿದೆ" ಎಂದುಬಿಟ್ಟೆ.

"ಯಾರ್ದು?"

ಹೇಳಲು ನೆಂಟರು ನೂರಿದ್ದರು. ನಾಲಿಗೆಗೆ ಬಂದದ್ದು, "ನಮ್ಮದೇ."

ಭೀಮಕ್ಕ ನನ್ನನ್ನು ಬೋಳಿನಿಂದ ಬೂಟಿನವರೆಗೆ ನೋಡಿದಳು. "ಈ ವಯಸ್ನಾಗಾ?"

"ದೇವರು ಕೊಟ್ಟ."

"ಕೊಡ್ತಾನೆ ಬುಡಿ. ಅವನಿಗೇನು, ಸಾಕೋನು ಅವನಾ?"

ಗಂಟು ನನ್ನ ಕೈಗೆ ಬಂತು. ಆ ಭಾನುವಾರ ಶಿವಲಕ್ಷ್ಮಿ ತವರಿನವರ ಗೃಹಪ್ರವೇಶಕ್ಕೆ ಹೋದಾಗ, ಚಾಪೆ ಹಾಸಿ ನಾಲ್ವರನ್ನೂ ಸಾಲಾಗಿ ಇಟ್ಟೆ. ಕಿಟಕಿಯ ಬಿಸಿಲು ರಾಣಿಯಿಂದ ಶುರುವಾಗಿ ಒಬ್ಬೊಬ್ಬರ ಮೇಲೂ ಸರಿಯಿತು. ಎಲೆಯಡಿಕೆಯ ವಾಸನೆ ಬಂದ ಹಾಗಾಯಿತು. ಐವತ್ತೆರಡು ವರ್ಷದ ನಾನು ಬೋಳರಾಜನ ಗಡ್ಡದ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕೂತಿದ್ದೆ. ಆಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು ಬೀರು ಸೇರಿಸಿದೆ. ವಾಪಸು ಕೊಡುವ ಮನಸ್ಸು ಆಗಲೇ ಸತ್ತಿತ್ತು. ನನ್ನಲ್ಲಿ ಹೆಚ್ಚುವರಿಯಾಗಿದ್ದ ಕಿರೀಟದ ಜಾರ್ಜ್ ಒಬ್ಬನನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕಳಿಸಿದರಾಯಿತು, ಒಳಗೆ ಯಾರಿದ್ದಾರೆಂದು ಹೊಕ್ಕುಳಿಗೇನು ತಿಳಿದೀತು ಎಂಬುದು ನನ್ನ ರಾಜತಂತ್ರ.

ರಾಜತಂತ್ರ ಕೆಟ್ಟಿದ್ದು ಪ್ರಜಾತಂತ್ರದಿಂದ. ರೂಪಾಯಿ ಕೊಟ್ಟವರು ಐದನೇ ದಿನ ಬಾಣಂತಿಗೆ ತುಪ್ಪ, ಬೆಳ್ಳುಳ್ಳಿ ಕೊಟ್ಟು ಕೂಸನ್ನು ಹರಸಬೇಕೆಂಬುದು ಆ ಮನೆಯ ಪದ್ಧತಿ. ಹಿಂದಾಗಿದ್ದರೆ ಮಧುಗಿರಿಯಷ್ಟು ದೂರ ಯಾರು ಬರುತ್ತಿದ್ದರು? ಈಗ ಹೆಂಗಸರಿಗೆ ಬಸ್ಸು ಉಚಿತ. ಆಧಾರ್ ಕಾರ್ಡ್ ಹಿಡಿದು ಆರು ಜನ ಬಂದಿಳಿದರು. (ಗ್ಯಾರಂಟಿ ಯೋಜನೆಗಳ ಫಲ ಜನರಿಗೆ ತಲುಪುತ್ತಿಲ್ಲ ಎನ್ನುವವರು ಅಂದು ನಮ್ಮ ಜಗುಲಿ ನೋಡಬೇಕಿತ್ತು.)

ನಾನು ಬನಿಯನ್ನಿನಲ್ಲಿ ಪೇಪರ್ ಓದುತ್ತಿದ್ದೆ. ಶಿವಲಕ್ಷ್ಮಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಭೀಮಕ್ಕ ಅವಳ ಕೈಯಿಂದ ಒದ್ದೆ ಲುಂಗಿ ಕಿತ್ತುಕೊಂಡಳು.

"ಬಾಣಂತಿ ಆಗಿ ಗಾಳಿಗೆ ನಿಂತಿದ್ದೀಯಲ್ಲವ್ವ. ತಲೆಗೆ ಬಟ್ಟೆ ಕಟ್ಕೊ. ನೀರಾಗೆ ಬ್ಯಾರೆ ಕೈ ಮಡಗಿದ್ದೀಯಾ."

ಎದುರು ಮನೆಯ ಗಂಗಲಕ್ಷ್ಮಮ್ಮನವರು ರಂಗೋಲಿ ಬಿಟ್ಟು ಎದ್ದು ನಿಂತರು. ನಲವತ್ತೊಂಬತ್ತರ ಶಿವಲಕ್ಷ್ಮಿ ಒಂದು ಸಲ ತುಪ್ಪದ ಡಬ್ಬಿ ನೋಡಿದಳು, ಒಂದು ಸಲ ನನ್ನನ್ನು ನೋಡಿದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳಿಗೆ ನನ್ನ ಮುಖ ಓದಲು ಕನ್ನಡಕ ಬೇಡ.

"ರೀ, ಏನು ಹೇಳಿದ್ದೀರಿ ಇವರಿಗೆ?"

ಹೇಳಿದೆ. ಎಲ್ಲರ ಮುಂದೆ, ಪೇಪರನ್ನು ಎದೆಗೆ ಅವಚಿಕೊಂಡು. ಕವರನ್ನೂ ತಂದಿಟ್ಟೆ. ಭೀಮಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬೋಳಪ್ಪನ್ನ ಪ್ಲಾಸ್ಟಿಕ್ನಾಗೆ ಹಾಕಿದ್ದೀರಲ್ಲ, ಉಸಿರು ಕಟ್ಟಾಕಿಲ್ವಾ" ಎಂದಳು, ಅಷ್ಟೇ. ಆಮೇಲೆ ಜಗುಲಿಯ ಮೇಲೆ ಕೂತು ಪದ್ಧತಿ ಹೇಳಿದಳು. ಈ ರೂಪಾಯಿ ಯಾವ ಮನೆಗೆ ಹೋಯಿತೋ ಆ ಮನೆಯ ಹೊಕ್ಕುಳಿಗೆ ಕಟ್ಟಿಯೇ ಹಿಂದಕ್ಕೆ ಬರಬೇಕು. ಬರಿದೇ ಬಂದರೆ ಅದರ ಗುಣ ಹೋಯಿತು. ಕೊರಟಗೆರೆಯ ಹತ್ತಿರ ಒಂದು ಕೂಸು ಅದಕ್ಕಾಗಿ ಕಾಯುತ್ತಿದೆ, ಆ ತಾಯಿಗೆ ಏನು ಹೇಳಲಿ ಎಂದು ಕೇಳಿದಳು.

ಉತ್ತರ ಕೊಟ್ಟವಳು ಶಿವಲಕ್ಷ್ಮಿ. "ಈ ಮನೇಲೂ ಕೂಸಿದೆ ಕಣಮ್ಮ. ಐವತ್ತೆರಡು ವರ್ಷದ್ದು. ಹೊಕ್ಕುಳೂ ಉಬ್ಬಿದೆ, ನೋಡಿ." ನನ್ನ ಬನಿಯನ್ ಎತ್ತಿಯೇಬಿಟ್ಟಳು.

ಆರು ಜನವೂ ಬಗ್ಗಿ ನೋಡಿದರು. ಗಂಗಲಕ್ಷ್ಮಮ್ಮನವರು ರಸ್ತೆ ದಾಟಿ ಬಂದು ನೋಡಿದರು.

"ಇಂಥಾದ್ದು ಎಲ್ಲೂ ಕಂಡಿಲ್ಲ" ಎಂದಳು ಭೀಮಕ್ಕ, ವೈದ್ಯೆಯ ಗಾಂಭೀರ್ಯದಿಂದ. "ಒಂದು ಸೀರೆ ಕೊಡವ್ವ. ಪಂಚೆ ಸಾಲಾಕಿಲ್ಲ."

ಮೂರು ದಿನ ಬಿಚ್ಚುವಂತಿಲ್ಲ. ಐವರು ಬಸ್ಸು ಹತ್ತಿದರು, ಭೀಮಕ್ಕ ಕಾವಲಿಗೆ ಉಳಿದಳು. ಕೂಸಿಗೆ ನಡೆಯುವ ಉಪಚಾರವೆಲ್ಲ ನನಗೆ ನಡೆಯಿತು. ನೆತ್ತಿಗೆ ಹರಳೆಣ್ಣೆ, ನಾಲಿಗೆಗೆ ತೇಯ್ದ ಬಜೆ, ಸಂಜೆ ಸಾಂಬ್ರಾಣಿ ಹೊಗೆ. ಕಾಫಿ ಕೇಳಿದರೆ 'ಕೂಸಿಗೆ ಕಾಫಿಯಾ' ಎಂದು ಇಬ್ಬರೂ ನಗುವರು. ಶಿವಲಕ್ಷ್ಮಿ ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ. ನಾನು ಹತ್ತು ವರ್ಷ ಹುಡುಕಿದ ದೊರೆ ನನ್ನ ಮೈಗೇ ಅಂಟಿಕೊಂಡಿದ್ದ, ಆದರೆ ಮುಖ ಒಳಮುಖವಾಗಿ, ಆರು ಗಜದ ಸೀರೆಯ ಅಡಿಯಲ್ಲಿ.

ನಾಲ್ಕನೇ ದಿನ ಬೆಳಿಗ್ಗೆ ಭೀಮಕ್ಕ ಗಂಟು ಬಿಚ್ಚಿದಳು. ಒಂದು ಸಲ ಕೈಗೆ ಕೊಡು ಎಂದೆ.

"ವಾಸಿ ಆದೋರು ಮುಟ್ಟಬಾರ್ದು ಕಣಪ್ಪ" ಎಂದು ರೂಪಾಯಿಯನ್ನು ಸೆರಗಿಗೆ ಕಟ್ಟಿಕೊಂಡು, ತುಪ್ಪದ ಡಬ್ಬಿಯನ್ನು ಶಿವಲಕ್ಷ್ಮಿಗೇ ಬಿಟ್ಟು, ಕೊರಟಗೆರೆ ಬಸ್ಸಿಗೆ ಹೊರಟುಹೋದಳು.

ಒಳಗೆ ಬಂದು ಬಗ್ಗಿ ನೋಡಿಕೊಂಡೆ. ಹೊಟ್ಟೆಯ ಮೇಲೆ ಬೋಳರಾಜ ಅಚ್ಚೊತ್ತಿದ್ದ. ನಾಣ್ಯದಲ್ಲಿ ಬಲಕ್ಕೆ ನೋಡುವವನು ಇಲ್ಲಿ ಎಡಕ್ಕೆ ತಿರುಗಿದ್ದ; ಮೂರೇ ದಿನದಲ್ಲಿ ಪಕ್ಷಾಂತರ. ಬೀರುವಿನ ಕನ್ನಡಿಯ ಮುಂದೆ ನಿಂತಾಗ ಮತ್ತೆ ಸರಿಯಾಗಿ ಬಲಕ್ಕೆ ನೋಡಿದ. ಶಿವಲಕ್ಷ್ಮಿಯನ್ನು ಕೂಗಿದೆ. ಅವಳು ಕಾಫಿ ಹಿಡಿದು ಬಂದು ಕನ್ನಡಿಯಲ್ಲಿ ಬಗ್ಗಿ ನೋಡಿದಳು.

"ಅಜ್ಜಿ ಹೇಳ್ತಿದ್ದವನು ಇವನೇನಾ?" ಎಂದಳು, ಮೊದಲ ಬಾರಿಗೆ ಮೆತ್ತಗೆ.

ಅಚ್ಚು ಅಳಿಸದಿರಲೆಂದು ಉಸಿರು ಬಿಗಿಹಿಡಿದು ಹೊಟ್ಟೆ ಅಲುಗಿಸದೆ ನಿಂತಿದ್ದೆ; ಹೌದೆಂದು ಹೇಳಲು ಬಿಡಬೇಕಾಯಿತು. ಕಾಫಿ ಮುಗಿಯುವಷ್ಟರಲ್ಲಿ ಬ್ರಿಟಿಷರು ನನ್ನ ಹೊಟ್ಟೆಯನ್ನೂ ಬಿಟ್ಟು ಹೋಗಿದ್ದರು.