ಎರು, ಒಕೊಕ್ ಮತ್ತು ಮೂರನೇ ಅಧ್ಯಾಯ

ಯವುಂಡೆ ನಗರದ ಆ ವಿಶ್ವವಿದ್ಯಾಲಯದ ಫ್ರೆಂಚ್ ಮತ್ತು ಇಂಗ್ಲಿಷ್ ಭಾಷಾವಿಜ್ಞಾನ ವಿಭಾಗದಲ್ಲಿ, ವಿಭಾಗ ಹುಟ್ಟಿದ ದಿನದಿಂದ ಇವತ್ತಿನವರೆಗೆ, ಯಾವ ಪ್ರಬಂಧವೂ ಬರೀ ಹೊಟ್ಟೆಯಲ್ಲಿ ಪಾಸಾದ ದಾಖಲೆ ಇಲ್ಲ. ವಿಭಾಗದವರು ಇದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ಪದ್ಧತಿ ಬಹಳ ಸರಳ. ಪ್ರಬಂಧ ಬರೆದವರು ಪರೀಕ್ಷಾ ಮಂಡಳಿಯ ಎದುರು ನಿಂತು ತಮ್ಮ ಕೆಲಸವನ್ನು ಸಮರ್ಥಿಸಿಕೊಳ್ಳಬೇಕು. ಅವರ ಬಂಧುಬಳಗವೆಲ್ಲ ಒಂದೇ ಅಚ್ಚಿನ ಬಟ್ಟೆ ಹೊಲಿಸಿಕೊಂಡು ಬಂದು, ಹಿಂದಿನ ಬೆಂಚುಗಳಲ್ಲಿ ಕೂತು, ಅರ್ಥವಾದರೂ ಆಗದಿದ್ದರೂ ಚಪ್ಪಾಳೆ ತಟ್ಟಬೇಕು. ಆಮೇಲೆ ಪಕ್ಕದ ಕೋಣೆಯಲ್ಲಿ ಮಂಡಳಿಗೆ ಊಟ ಹಾಕಬೇಕು. ದೇಶಕ್ಕೆ ಎರಡು ಭಾಷೆ ಬೇಕು, ವಿದ್ವಾಂಸರಿಗೆ ಎರಡು ಹೊತ್ತಿನ ಊಟ ಬೇಕು. ಇದರಲ್ಲಿ ತಪ್ಪು ಹುಡುಕುವವರು ಯಾರೂ ಇರಲಿಲ್ಲ.

ಎಬಾಂಗಾ ಕೂಡ ಹುಡುಕಿದವಳಲ್ಲ. ಮಾಂಫೆ ಊರಿನ ಹುಡುಗಿ, ದೇಶದ ಇಂಗ್ಲಿಷ್ ಮಾತಾಡುವ ಕಡೆಯವಳು, ಕಾಲೇಜಿನಲ್ಲಿ ಫ್ರೆಂಚ್ ಕಲಿತವಳು. ಮೂರು ವರ್ಷ ಮೊಕೊಲೊ ಸಂತೆಯಲ್ಲಿ ಟೊಮೆಟೊ ಗುಡ್ಡೆಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮಾರುವ ಹೆಂಗಸರ ಮಾತನ್ನು ಧ್ವನಿಮುದ್ರಣ ಮಾಡಿಕೊಂಡಿದ್ದಳು. ಕೂತೂ ಕೂತೂ ಒಂದು ಸಂಗತಿ ಕಂಡುಹಿಡಿದಳು. ಮಾರುವವಳು ಬೆಲೆ ಇಳಿಸುವ ಮನಸ್ಸು ಮಾಡಿದ ಕ್ಷಣಕ್ಕೆ ತನಗೇ ಗೊತ್ತಿಲ್ಲದೆ ಭಾಷೆ ಬದಲಾಯಿಸುತ್ತಾಳೆ. ಫ್ರೆಂಚಿನಲ್ಲಿ ಜಗ್ಗಾಡುತ್ತಿದ್ದವಳು ಇಂಗ್ಲಿಷಿಗೆ ಬಂದಳು ಅಂದರೆ ಸೋತಳು ಅಂತ ಅರ್ಥ. ಇಂಗ್ಲಿಷಿನಲ್ಲಿ ಹಟ ಹಿಡಿದವಳು ಫ್ರೆಂಚಿಗೆ ಜಾರಿದರೂ ಅಷ್ಟೆ. ಕಿವಿ ಚುರುಕಿದ್ದರೆ ಬೆಲೆ ಇಳಿಯುವ ಮೊದಲೇ ಗೊತ್ತಾಗುತ್ತದೆ. ಇದೆಲ್ಲ ಇದ್ದದ್ದು ಮೂರನೇ ಅಧ್ಯಾಯದಲ್ಲಿ. ಪದವಿ ಬೇಕು, ಅದು ಇದ್ದೇ ಇತ್ತು. ಆದರೆ ಅವಳ ಒಳಗಿನ ಆಸೆ ಬೇರೆ. ಮಂಡಳಿಯಲ್ಲಿ ಒಬ್ಬರಾದರೂ ಕನ್ನಡಕ ಸರಿಮಾಡಿಕೊಂಡು ಮೂರನೇ ಅಧ್ಯಾಯದ ಬಗ್ಗೆ ಒಂದು ಪ್ರಶ್ನೆ ಕೇಳಬೇಕು. ಒಂದೇ ಒಂದು. ಅದಕ್ಕೆ ಉತ್ತರವನ್ನು ಅವಳು ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ಎರಡೂ ಭಾಷೆಯಲ್ಲಿ ಹೇಳಿಕೊಂಡು ಹೇಳಿಕೊಂಡು ಬಾಯಿಪಾಠ ಮಾಡಿಟ್ಟಿದ್ದಳು.

ಅವಳ ಸರದಿ ಬರುವ ಹೊತ್ತಿಗೆ ಸರಿಯಾಗಿ ವಿಭಾಗದ ಫಲಕದಲ್ಲಿ ಒಂದು ಸುತ್ತೋಲೆ ಬಿತ್ತು.

“ವಿಷಯ: ಸಮರ್ಥನೆಯ ಕ್ರಮವನ್ನು ಸುಧಾರಿಸುವ ಕುರಿತು. ಪ್ರಬಂಧ ಸಮರ್ಥನೆಯು ಇನ್ನುಮುಂದೆ ಎರಡು ಭಾಗಗಳನ್ನು ಒಳಗೊಂಡಿರತಕ್ಕದ್ದು: ಮುಖ್ಯ ಭಾಗ ಮತ್ತು ಮಾತಿನ ಭಾಗ. ಮುಖ್ಯ ಭಾಗವು ಬಿಸಿಯಾಗಿರುವಾಗಲೇ ನಡೆಯತಕ್ಕದ್ದು. ಮಾತಿನ ಭಾಗವು ತಣ್ಣಗಾದರೂ ಕೆಡುವುದಿಲ್ಲವಾದ್ದರಿಂದ, ಅದನ್ನು ನಂತರ ಇಟ್ಟುಕೊಳ್ಳತಕ್ಕದ್ದು. ಮುಂದೂಡಲ್ಪಟ್ಟ ಸಮರ್ಥನೆಯನ್ನು ಹೊಸ ಸಮರ್ಥನೆ ಎಂದು ಪರಿಗಣಿಸಿ, ಮುಖ್ಯ ಭಾಗವನ್ನು ಮತ್ತೆ ನಡೆಸತಕ್ಕದ್ದು.”

ಕೆಳಗೆ ಪ್ರೊಫೆಸರ್ ಎಂಗೊಲೊ ಅವರ ಸಹಿ. ಅವರು ವಿಭಾಗದ ಮುಖ್ಯಸ್ಥರು, ಎಬಾಂಗಾಳ ಮಾರ್ಗದರ್ಶಕರು, ಪರೀಕ್ಷಾ ಮಂಡಳಿಯ ಅಧ್ಯಕ್ಷರೂ ಹೌದು. ಮೂರೂ ಹುದ್ದೆಯನ್ನು ಒಂದೇ ಹೊಟ್ಟೆ ಇಟ್ಟುಕೊಂಡು ನಿಭಾಯಿಸುತ್ತಿದ್ದರು, ಪಾಪ. ಸುತ್ತೋಲೆಗೆ ಕಾರಣವೂ ಇತ್ತು. ಹಿಂದಿನ ವರ್ಷ ಮಂಡಳಿ ಬಾಗಿಲು ಹಾಕಿಕೊಂಡು ಅಂಕದ ಚರ್ಚೆ ಮಾಡುತ್ತಿದ್ದಾಗ, ಅಭ್ಯರ್ಥಿಯ ಚಿಕ್ಕಪ್ಪಂದಿರು ಕಾದು ಕಾದು ಸಾಕಾಗಿ ಸುಟ್ಟ ಮೀನನ್ನೆಲ್ಲ ಖಾಲಿ ಮಾಡಿದ್ದರು. ವಿದ್ಯಾಕ್ಷೇತ್ರಕ್ಕೆ ಆದ ಆ ನಷ್ಟವನ್ನು ವಿಭಾಗ ಇನ್ನೂ ಮರೆತಿರಲಿಲ್ಲ.

ಮೊದಲ ದಿನಾಂಕಕ್ಕೆ ಎಬಾಂಗಾಳ ತಾಯಿ ಬ್ರಿಜಿಟ್ ಇಡೀ ಬಳಗವನ್ನು ಬಸ್ಸಿಗೆ ತುಂಬಿಕೊಂಡು ಬಂದಳು. ಎಲ್ಲರ ಮೈಮೇಲೂ ನೀಲಿ ಬಟ್ಟೆ, ಅದರ ಮೇಲೆ ಹಳದಿ ಕೊಕ್ಕರೆ. ಅಧ್ಯಕ್ಷರು ಫ್ರೆಂಚ್ ಕಡೆಯ ಮಧ್ಯ ಪ್ರಾಂತ್ಯದವರು ಅಂತ ವಿಚಾರಿಸಿಕೊಂಡು ಅವರ ಕಡೆಯ ಅಡುಗೆಯನ್ನೇ ಮಾಡಿದ್ದಳು. ಒಕೊಕ್ ಅಂದರೆ ಕಾಡುಬಳ್ಳಿಯ ಸೊಪ್ಪನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ, ಶೇಂಗಾ ಅರೆದು ಹಾಕಿ, ಚೂರು ಸಕ್ಕರೆ ಬೆರೆಸಿ ಬೇಯಿಸಿದ್ದು. ಪಕ್ಕಕ್ಕೆ ಬೇಯಿಸಿದ ಮರಗೆಣಸು, ಸುಟ್ಟ ಮೀನು. ಮಂಡಳಿ ಮುಖ್ಯ ಭಾಗವನ್ನು ಕೂಲಂಕಷವಾಗಿ ನಡೆಸಿತು. ಆಮೇಲೆ ಎಬಾಂಗಾ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಮೊದಲ ಅಧ್ಯಾಯದ ಮೊದಲ ವಾಕ್ಯ ಮುಗಿಸುವುದರೊಳಗೆ ಪ್ರೊಫೆಸರ್ ಎಂಗೊಲೊ ಅವರ ತಲೆ ಎದೆಗೆ ಒರಗಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ತಮ್ಮ ಬಸ್ಸಿನ ಹೊತ್ತಾಯಿತೆಂದು ಮೀನಿನ ಪೊಟ್ಟಣ ಹಿಡಿದು ಎದ್ದರು. ಎಬಾಂಗಾ ಗೋಡೆಗೆ ಹೇಳಿದ ಹಾಗೆ ಹೇಳುತ್ತಾ ಹೋದಳು. ಹಿಂದಿನ ಬೆಂಚಿನ ಕೊಕ್ಕರೆಗಳು ಮಾತ್ರ ಚಪ್ಪಾಳೆ ತಟ್ಟಿದವು.

ಸಂಜೆ ನಡಾವಳಿ ಹೊರಬಂತು. ಮಂಡಳಿಯು ಪ್ರಬಂಧವನ್ನು ಕಣ್ಣುಮುಚ್ಚಿ ಆಳವಾಗಿ ಪರಿಗಣಿಸಿದ್ದು, ಸಮಯ ಸಾಲದ ಕಾರಣ ಸಮರ್ಥನೆಯನ್ನು ಮುಂದೂಡಿದೆ ಎಂದು ಬರೆದಿತ್ತು. ಅದರ ಜೊತೆಗೇ ಒಂದು ಆಕ್ಷೇಪಣೆಯೂ ಲಗತ್ತಾಗಿತ್ತು. ಇಂಗ್ಲಿಷ್ ಕಡೆಯ ಪರೀಕ್ಷಕರಾದ ಡಾಕ್ಟರ್ ತಾಬೆ ಬರೆದದ್ದು. ಈ ಗಣರಾಜ್ಯದಲ್ಲಿ ಎರಡು ಭಾಷೆಗಳಿಗೂ ಸಮಾನ ಸ್ಥಾನ ಇದ್ದು, ಸದರಿ ಮುಖ್ಯ ಭಾಗದಲ್ಲಿ ಇಂಗ್ಲಿಷ್ ಕಡೆಯ ಒಂದು ತುತ್ತೂ ಇಲ್ಲದಿರುವುದು ವಿಭಾಗದ ಮೂಲತತ್ವಕ್ಕೇ ಧಕ್ಕೆ ತಂದಿದೆ, ತಾನು ಮೂರು ಸಲ ಬಡಿಸಿಕೊಂಡದ್ದು ಪ್ರತಿಭಟನೆಯ ರೂಪದಲ್ಲಿ ಮಾತ್ರ ಎಂದು ಅವರು ಸ್ಪಷ್ಟಪಡಿಸಿದ್ದರು.

ಎಬಾಂಗಾಳಿಗೆ ಮೈ ಉರಿದುಹೋಯಿತು. ಮರುದಿನವೇ ಎಂಗೊಲೊ ಅವರ ಕೋಣೆಗೆ ಹೋಗಿ, ಈ ಸಲ ಊಟ ಬೇಡ, ನೀರಿನ ಬಾಟಲಿ ಇಟ್ಟು ಮಾತಿನ ಭಾಗ ಮುಗಿಸಿಬಿಡೋಣವೇ ಎಂದು ಕೇಳಿದಳು. ಅವರಿಗೆ ಸಿಟ್ಟು ಬರಲಿಲ್ಲ. ಮರುಕದಿಂದ ನೋಡಿದರು.

“ನೋಡು ಮಗಳೇ, ನನಗೇನು ಹಸಿವಿಲ್ಲ. ಸಕ್ಕರೆ ಕಾಯಿಲೆ ಬೇರೆ, ಡಾಕ್ಟರು ಬೈತಾರೆ. ಹಸಿದಿರೋದು ನಾನಲ್ಲ, ಸಂಸ್ಥೆ.”

“ಸರ್, ನನ್ನ ಪ್ರಬಂಧ ನೀವು ಓದಿದ್ದೀರಾ?”

“ಮೊದಲೇ ಓದಿಬಿಟ್ರೆ ಪೂರ್ವಗ್ರಹ ಬರುತ್ತಮ್ಮ. ನ್ಯಾಯಾಧೀಶ ಕೇಸು ಕೇಳೋ ಮೊದಲೇ ತೀರ್ಪು ಬರೀತಾನಾ?”

“ಕೇಸು ಕೇಳೋವಾಗ ನಿದ್ದೆ ಮಾಡಿದ್ರಲ್ಲ ಸರ್.”

“ಅದಕ್ಕೇ ಮುಂದೂಡಿದ್ದು. ನಿದ್ದೆಗಣ್ಣಲ್ಲಿ ತೀರ್ಪು ಕೊಟ್ಟು ನಿನಗೆ ಅನ್ಯಾಯ ಮಾಡ್ಲಾ?” ಎಂದರು ಎಂಗೊಲೊ. ಎಬಾಂಗಾ ಥ್ಯಾಂಕ್ಸ್ ಹೇಳಿ ಹೊರಗೆ ಬಂದಳು.

ತಾಯಿಯ ಹತ್ತಿರ ಅವಳು ಅತ್ತೇಬಿಟ್ಟಳು. ಮೂರು ವರ್ಷ ಧೂಳು ಕುಡಿದದ್ದು ಇವರಿಗೆ ಸೊಪ್ಪು ಬಡಿಸುವುದಕ್ಕಾ ಎಂದು ಕೇಳಿದಳು. ಬ್ರಿಜಿಟ್ ಮಗಳ ಬೆನ್ನು ಸವರಿದಳು, ಆದರೆ ಅವಳ ಲೆಕ್ಕಾಚಾರವೇ ಬೇರೆ. ಅಕ್ಕನ ಮಗನ ಕಾನೂನು ಪದವಿಗೂ ಇದೇ ಪಾಡು ಪಟ್ಟಿದ್ದಳಂತೆ, ಕೊನೆಗೆ ಒಂದು ಮುಳ್ಳುಹಂದಿಯ ಸಾರಿನಿಂದ ಕೆಲಸ ಆಯಿತಂತೆ. “ಸುಮ್ನಿರೇ ಹುಚ್ಚಿ. ನೀನು ಓದ್ತಾ ಇರು, ನಾನು ಬೇಯಿಸ್ತಾ ಇರ್ತೀನಿ. ಸೊಪ್ಪು ಮೊದಲು ಮೆತ್ತಗಾಗುತ್ತೋ ಆ ಮನುಷ್ಯ ಮೊದಲು ಮೆತ್ತಗಾಗ್ತಾನೋ ನೋಡೇಬಿಡೋಣ,” ಎಂದಳು.

ಎರಡನೇ ದಿನಾಂಕಕ್ಕೆ ಬ್ರಿಜಿಟ್ ಎರಡು ಪಾತ್ರೆ ಇಟ್ಟಳು. ಒಂದರಲ್ಲಿ ಎಂಗೊಲೊ ಅವರಿಗೆ ಅದೇ ಒಕೊಕ್. ಇನ್ನೊಂದರಲ್ಲಿ ತಾಬೆಯವರಿಗೆ ಎರು. ಎರು ಮಾಂಫೆ ಕಡೆಯ ಅಡುಗೆ. ಸೊಪ್ಪು ಅದೇ ಕಾಡುಬಳ್ಳಿಯದು. ಶೇಂಗಾ, ಸಕ್ಕರೆ ಇಲ್ಲ, ಕೈತುಂಬ ತಾಳೆ ಎಣ್ಣೆ, ಒಣಸೀಗಡಿ, ಹಂದಿಯ ಚರ್ಮ, ಕಣ್ಣಲ್ಲಿ ನೀರು ಬರುವಷ್ಟು ಖಾರ. ಎರಡೂ ಕಡೆಗೂ ನ್ಯಾಯವಾಯಿತು ಅಂತ ಬ್ರಿಜಿಟ್ ಬಟ್ಟೆಯ ಅಂಚಿಗೆ ಕೈ ಒರೆಸಿಕೊಂಡಳು. ಎಬಾಂಗಾಳಿಗೂ ಒಂದಿಷ್ಟು ಧೈರ್ಯ ಬಂತು. ಖಾರ ತಿಂದವರಿಗೆ ನಿದ್ದೆ ಬರುವುದಿಲ್ಲವಲ್ಲ.

ನಿದ್ದೆ ಬರಲಿಲ್ಲ, ನಿಜ. ಎರಡು ತುತ್ತು ತಿಂದ ಎಂಗೊಲೊ ಕೈ ತಡೆದರು. ಎರಡೂ ಪಾತ್ರೆಯಲ್ಲಿರುವುದು ಒಂದೇ ಸೊಪ್ಪು. ಆದ್ದರಿಂದ ಸಮಾನತೆಯ ನಿಯಮದ ಪ್ರಕಾರ ಇಲ್ಲಿರುವುದು ಒಂದೇ ಪದಾರ್ಥ, ಅದಕ್ಕೆ ಎರಡು ಹೆಸರು ಅಷ್ಟೆ ಎಂದು ಘೋಷಿಸಿದರು. ತಾಬೆ ಚಮಚ ಕೆಳಗಿಟ್ಟರು. ಸೊಪ್ಪು ಒಂದಾದ ಮಾತ್ರಕ್ಕೆ ಪದಾರ್ಥ ಒಂದಾಗುವುದಾದರೆ, ನಾಲಿಗೆ ಒಂದೇ ಇರುವುದರಿಂದ ಭಾಷೆಯೂ ಒಂದೇ ಎಂದು ಒಪ್ಪಿಕೊಂಡು ವಿಭಾಗಕ್ಕೆ ಬೀಗ ಜಡಿಯಬೇಕಾಗುತ್ತದೆ ಎಂದರು. ಎಂಗೊಲೊ ಹೆಸರೆಂಬ ಸೂಚಕ ಬೇರೆ, ಅದು ತೋರಿಸುವ ಸೂಚಿತ ಬೇರೆ ಎಂದು ಶುರುಮಾಡಿದರು. ತಾಬೆ ಸಂದರ್ಭವಿಲ್ಲದೆ ಅರ್ಥವಿಲ್ಲ, ಎಣ್ಣೆಯೇ ಸಂದರ್ಭ ಎಂದರು. ಗದ್ದಲ ಕೇಳಿ ಮೇಲಿನ ಮಹಡಿಯಿಂದ ಧ್ವನಿವಿಜ್ಞಾನದವರು ಇಳಿದು ಬಂದರು; ಬಂದವರು ಖಾಲಿ ಕೈಯಲ್ಲಿ ಚರ್ಚಿಸುವುದು ಹೇಗೆಂದು ತಟ್ಟೆ ತೆಗೆದುಕೊಂಡರು. ಹೊರಗಿನ ಪರೀಕ್ಷಕರು ಜೀವಮಾನದಲ್ಲಿ ಮೊದಲ ಬಾರಿಗೆ ಬಸ್ಸು ತಪ್ಪಿಸಿಕೊಂಡರು. ವಿಭಾಗದಲ್ಲಿ ಅಷ್ಟು ಉನ್ನತ ಮಟ್ಟದ ವಿದ್ವತ್ ಚರ್ಚೆ ಅದಕ್ಕೆ ಮೊದಲು ನಡೆದಿರಲಿಲ್ಲ ಎಂದು ಹಿರಿಯರು ಈಗಲೂ ನೆನೆಯುತ್ತಾರೆ.

ಎಬಾಂಗಾ ಪ್ರಬಂಧ ತೋರಿಸಲು ಹಾಕಿದ್ದ ಪರದೆಯ ಪಕ್ಕ ತೋರುಕೋಲು ಹಿಡಿದು ನಿಂತೇ ಇದ್ದಳು. ತುಸು ಬಿಡುವು ಸಿಕ್ಕಿದ್ದೇ ತಡ, “ಸರ್, ಒಂದು ಭಾಷೆಯಿಂದ ಇನ್ನೊಂದಕ್ಕೆ ಯಾವಾಗ ದಾಟ್ತಾರೆ ಅನ್ನೋದೇ ನನ್ನ ಮೂರನೇ ಅಧ್ಯಾಯದಲ್ಲಿ...” ಎಂದಳು.

“ಆಮೇಲೆ ತಾಯಿ, ಆಮೇಲೆ,” ಎಂದರು ಎಂಗೊಲೊ. “ನೋಡ್ತಾ ಇದೀಯಲ್ಲ, ಇಲ್ಲಿ ಭಾಷಾವಿಜ್ಞಾನ ನಡೀತಿದೆ.”

ಪಾತ್ರೆಗಳ ತಳ ಕಂಡಾಗ ಮಂಡಳಿ ಬಾಗಿಲು ಹಾಕಿಕೊಂಡಿತು. ತೆರೆದಾಗ ಎಲ್ಲರೂ ಎದ್ದು ನಿಂತರು. ಎಂಗೊಲೊ ಗಂಭೀರವಾಗಿ ತೀರ್ಪು ಓದಿದರು. ಒಂದೇ ಎಲೆಯನ್ನು ಎರಡು ಅಧಿಕೃತ ಭಾಷೆಗಳಲ್ಲಿ ಏಕಕಾಲಕ್ಕೆ ಮಂಡಿಸಿದ ಅಭ್ಯರ್ಥಿಯ ಸ್ವಂತಿಕೆಯನ್ನು ಮಂಡಳಿಯು ಮೆಚ್ಚಿದೆ. ಅತ್ಯುನ್ನತ ಶ್ರೇಣಿಯನ್ನು ನೀಡಲಾಗಿದೆ. ಪ್ರಬಂಧದಲ್ಲಿ ಸಣ್ಣಪುಟ್ಟ ತಿದ್ದುಪಡಿ ಅಗತ್ಯವಿದ್ದು, ಅದನ್ನು ಎರು ಮತ್ತು ಒಕೊಕ್ ಕುರಿತಾದ ಪ್ರಬಂಧವಾಗಿ ಮಾರ್ಪಡಿಸತಕ್ಕದ್ದು. ಶೀರ್ಷಿಕೆ, ವಿಷಯ ಮತ್ತು ಅಧ್ಯಾಯಗಳನ್ನು ಬಿಟ್ಟು ಉಳಿದದ್ದನ್ನು ಇದ್ದ ಹಾಗೆಯೇ ಉಳಿಸಿಕೊಳ್ಳಬಹುದು.

ಕೊಕ್ಕರೆಗಳು ಕುಣಿದವು. ಬ್ರಿಜಿಟ್ ಎಂಗೊಲೊ ಅವರನ್ನೂ ಎಳೆದುಕೊಂಡು ಕುಣಿಸಿದಳು. ಯಾರೋ ಸಂಭ್ರಮದ ಪದ್ಧತಿಯಂತೆ ಎಬಾಂಗಾಳ ತಲೆಯ ಮೇಲೆ ಮುಖದ ಪೌಡರ್ ಸುರಿದರು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಎಲ್ಲರೂ ಅದನ್ನು ಸಂತೋಷ ಅಂದುಕೊಂಡರು. ಅವಳಿಗೆ ಆದದ್ದು ಅವಮಾನ. ಬಾಯಿಪಾಠ ಮಾಡಿದ್ದ ಉತ್ತರ ಗಂಟಲಲ್ಲೇ ಉಳಿದಿತ್ತು, ಎರಡೂ ಭಾಷೆಯಲ್ಲಿ.

ತಿದ್ದುಪಡಿ ಮಾಡಿ ಕೊಟ್ಟಳು, ಕೊಡದೆ ಏನು ಮಾಡುತ್ತಾಳೆ? ಆ ಪ್ರಬಂಧ ಈಗ ಗ್ರಂಥಾಲಯದಲ್ಲಿದೆ, ವಿಭಾಗದಲ್ಲೇ ಅತಿ ಹೆಚ್ಚು ಜನ ತೆಗೆದುಕೊಂಡು ಹೋಗುವ ಪ್ರಬಂಧ ಅದು; ಪುಟಗಳಿಗೆಲ್ಲ ಎಣ್ಣೆ ಅಂಟಿದೆ. ಅದರ ಬಲದ ಮೇಲೆ ಎಬಾಂಗಾಳಿಗೆ ಅದೇ ವಿಭಾಗದಲ್ಲಿ ಉಪನ್ಯಾಸಕಿಯ ಕೆಲಸವೂ ಸಿಕ್ಕಿತು. ಮರುವರ್ಷ ಅವಳನ್ನೂ ಒಂದು ಪರೀಕ್ಷಾ ಮಂಡಳಿಗೆ ಹಾಕಿದರು.

ಅಭ್ಯರ್ಥಿ ಇನೂಸ, ಫುಂಬಾನ್ ಊರಿನ ಸಂಕೋಚದ ಹುಡುಗ. ರೇಡಿಯೋದವರು ಫ್ರೆಂಚ್ ವಾರ್ತೆ ಮುಗಿಸಿ ಇಂಗ್ಲಿಷ್ ವಾರ್ತೆಗೆ ಬರುವಾಗ ಧ್ವನಿ ಹೇಗೆ ಬದಲಾಗುತ್ತದೆ ಅಂತ ಬರೆದಿದ್ದ. ಎಬಾಂಗಾ ಯಾರಿಗೂ ಹೇಳದೆ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಓದುತ್ತಾ ಓದುತ್ತಾ ಅವಳಿಗೆ ಖುಷಿಯೋ ಖುಷಿ. ಹುಡುಗ ನಿಜವಾಗಿಯೂ ಏನನ್ನೋ ಕಂಡುಹಿಡಿದಿದ್ದ. ಅಂದು ಮುಖ್ಯ ಭಾಗ ಮುಗಿದು, ಎಂಗೊಲೊ ಅವರ ತಲೆ ಇನ್ನೇನು ಎದೆಗೆ ಒರಗಬೇಕು, ಅಷ್ಟರಲ್ಲಿ ಎಬಾಂಗಾ ಕೈಯೆತ್ತಿದಳು.

“ಇನೂಸ, ಎರಡನೇ ಅಧ್ಯಾಯದಲ್ಲಿ ಸಾವಿನ ಸುದ್ದಿ ಓದುವಾಗ ಮಾತ್ರ ಧ್ವನಿ ಬದಲಾಗಲ್ಲ ಅಂತ ಬರೆದಿದ್ದೀಯಲ್ಲ. ಯಾಕೆ?”

ಎಂಗೊಲೊ ಬೆಚ್ಚಿ ಎಚ್ಚೆತ್ತರು. ತಾಬೆ ಅವಳ ಕಡೆ ತಿರುಗಿ, ನಿನಗೇನಾಗಿದೆ ಅನ್ನುವಂತೆ ನೋಡಿದರು. ಇನೂಸ ಬಾಯಿ ತೆರೆದ. ಉತ್ತರ ಇತ್ತೋ ಏನೋ, ಮುಖ ಬೆಳಗಿದ ಹಾಗಿತ್ತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಅವನ ಅಜ್ಜಿಯ ಅಳು ಕೇಳಿಸಿತು. ಸೋದರಮಾವ ಎದ್ದು ನಿಂತು, ಹೊಸ ಅಂಗಿಯ ತೋಳು ಕೆಳಗೆಳೆದುಕೊಂಡು, ತಗ್ಗಿದ ದನಿಯಲ್ಲಿ ಕೇಳಿದ:

“ಮೇಡಂ, ನಮ್ಮಿಂದ ಏನು ತಪ್ಪಾಯ್ತು? ಮೀನು ಸರಿ ಇರ್ಲಿಲ್ವಾ?”

ಇನೂಸ ಬಾಯಿ ಮುಚ್ಚಿಕೊಂಡ. ಎಬಾಂಗಾ ಅವನನ್ನು ನೋಡಿದಳು, ಅಳುತ್ತಿದ್ದ ಮುದುಕಿಯನ್ನು ನೋಡಿದಳು. ಮಂಡಳಿ ಐದು ನಿಮಿಷ ಬಿಡುವು ಘೋಷಿಸಿತು. ಪಕ್ಕದ ಕೋಣೆಯಲ್ಲಿ ಸೋದರಮಾವ ಪಾತ್ರೆಯ ಮುಚ್ಚಳ ತೆಗೆದು ಕಾಯುತ್ತಿದ್ದ. ಅವಳು ತಟ್ಟೆ ಮುಂದೆ ಚಾಚಿ, ಎರಡನೇ ಸಲ ಬಡಿಸಿಕೊಂಡು, ಮುದುಕಿಗೆ ಕಾಣುವ ಹಾಗೆ ನಿಂತು, ಕೊನೆಯ ಮುಳ್ಳಿನವರೆಗೆ ತಿಂದಳು. ಮೀನು ಬಹಳ ಚೆನ್ನಾಗಿತ್ತು. ಹಾಗೆಂದು ಎರಡೂ ಭಾಷೆಯಲ್ಲಿ ಹೇಳಿದಳು. ಅಜ್ಜಿ ಕಣ್ಣೊರೆಸಿಕೊಂಡು ಅವಳ ಕೆನ್ನೆ ತಟ್ಟಿದಳು, ಜನ ಚಪ್ಪಾಳೆ ಹೊಡೆದರು, ಇನೂಸನಿಗೆ ಅತ್ಯುನ್ನತ ಶ್ರೇಣಿ ಬಂತು. ಅವಳ ಪ್ರಶ್ನೆಯನ್ನು ನಡಾವಳಿಯಿಂದ ತೆಗೆದುಹಾಕಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಎಬಾಂಗಾಳೂ ಕೈಯೆತ್ತಿದ್ದಳು.